ಇಂಗ್ಲೆಂಡ್ ಬಿಟ್ಟು ಬೆಲ್ಜಿಯಂ ಏಕೆ? ಆಂಟೋನಿಯೊ ನೂಸಾ ಎಂಬ ವಿಂಗರ್ ನಡೆದ ದಾರಿ

2019ರಲ್ಲಿ ಆಸ್ಕರ್ ಬಾಬ್ ಎಂಬ ಓಸ್ಲೊದ ಹುಡುಗ ಹದಿನಾರು ತುಂಬಿದ ಬೇಸಿಗೆಯಲ್ಲೇ ನಾರ್ವೆ ಬಿಟ್ಟು ಮ್ಯಾಂಚೆಸ್ಟರ್ ಸಿಟಿ ಸೇರಿದ. ಎರಡು ವರ್ಷದ ನಂತರ, 2021ರ ಆಗಸ್ಟ್‌ನಲ್ಲಿ, ಅದೇ ಓಸ್ಲೊ ಸೀಮೆಯ ಆಂಟೋನಿಯೊ ನೂಸಾ ಕೂಡ ಹದಿನಾರಕ್ಕೇ ಊರು ಬಿಟ್ಟ. ಇಬ್ಬರೂ ವಿಂಗರ್‌ಗಳು, ಅಂದರೆ ಮೈದಾನದ ಅಂಚಿನಿಂದ ದಾಳಿ ಮಾಡುವವರು; ಇಬ್ಬರ ಮೇಲೂ ದೊಡ್ಡ ಕ್ಲಬ್ಬುಗಳ ಕಣ್ಣಿತ್ತು. ಆದರೆ ನೂಸಾ ಹೋದದ್ದು ಬೆಲ್ಜಿಯಂನ ಕ್ಲಬ್ ಬ್ರೂಗ್ಗೆಗೆ. ಈ ಎರಡು ದಾರಿಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕಹೊರಟರೆ ಫುಟ್‌ಬಾಲ್ ಮೈದಾನಕ್ಕಿಂತ ಮೊದಲು ಸಿಗುವುದು ಬ್ರೆಕ್ಸಿಟ್. ಆ ಎರಡು ಬೇಸಿಗೆಗಳ ನಡುವೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಿದ್ದಿತ್ತು. ಹದಿನೆಂಟು ತುಂಬದ ಹೊರದೇಶದ ಹುಡುಗನನ್ನು ಇಂಗ್ಲೆಂಡಿನ ಕ್ಲಬ್ಬುಗಳು ಕರೆತರುವುದಕ್ಕೆ ಬಾಗಿಲು ಮುಚ್ಚಿತ್ತು.

ಆಟಗಾರನ ಬದುಕನ್ನು ನಾವು ಸಾಮಾನ್ಯವಾಗಿ ಪ್ರತಿಭೆ, ಪರಿಶ್ರಮ, ಅದೃಷ್ಟ ಎಂಬ ಮೂರು ಪದಗಳಲ್ಲಿ ಮುಗಿಸಿಬಿಡುತ್ತೇವೆ. ಇಂದಿನ ಯೂರೋಪಿನಲ್ಲಿ ಒಬ್ಬ ಎಳೆಯ ವಿಂಗರ್ ಎಲ್ಲಿ ಆಡುತ್ತಾನೆ, ಯಾವಾಗ ಆಡುತ್ತಾನೆ, ಯಾವ ಕ್ಲಬ್ಬಿಗೆ ಮಾರಾಟವಾಗುತ್ತಾನೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಇನ್ನೂ ಹಲವಿವೆ: ವರ್ಗಾವಣೆಯ ಕಾನೂನು, ಕ್ಲಬ್ಬಿನ ಎರಡನೆಯ ತಂಡ ಯಾವ ದರ್ಜೆಯ ಲೀಗಿನಲ್ಲಿದೆ ಎಂಬ ವಿಚಾರ, ಅವನ ಬಲಗಾಲಿಗೂ ಎಡಬದಿಗೂ ಇರುವ ಸಂಬಂಧ, ಕೊನೆಗೆ ಬ್ಯಾಂಕ್ ಖಾತೆಗಳು. ನೂಸಾ ಅವರ ವೃತ್ತಿಜೀವನ ಇವೆಲ್ಲವನ್ನೂ ಒಂದೊಂದಾಗಿ ಬಿಚ್ಚಿ ನೋಡುವುದಕ್ಕೆ ಹೇಳಿ ಮಾಡಿಸಿದಂತಿದೆ.

ನೂಸಾ ಹುಟ್ಟಿದ್ದು 2005ರ ಏಪ್ರಿಲ್ 17ರಂದು. ತಾಯಿ ನಾರ್ವೆಯವರು, ತಂದೆ ನೈಜೀರಿಯಾ ಮೂಲದವರು. ಓಸ್ಲೊದ ದಕ್ಷಿಣಕ್ಕಿರುವ ಲಾಂಗ್‌ಹುಸ್ ಎಂಬ ಸಣ್ಣ ಊರಿನ ಕ್ಲಬ್ಬಿನಲ್ಲಿ ಚೆಂಡು ಒದೆಯಲು ಕಲಿತು, ಮುಂದೆ ರಾಜಧಾನಿಯ ಪಶ್ಚಿಮಕ್ಕಿರುವ ಸ್ಟಾಬೆಕ್ ಕ್ಲಬ್ಬನ್ನು ಸೇರಿದರು. ಸ್ಟಾಬೆಕ್ ದೊಡ್ಡ ಹೆಸರಿನ ಕ್ಲಬ್ಬೇನಲ್ಲ. 2008ರಲ್ಲಿ ಒಮ್ಮೆ ನಾರ್ವೆಯ ಚಾಂಪಿಯನ್ ಆಗಿತ್ತು, ಅಷ್ಟೇ.

ಇಲ್ಲಿ ನಾರ್ವೆಯ ಮಕ್ಕಳ ಕ್ರೀಡೆಯ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಅದು ವಿಚಿತ್ರವಾದದ್ದು. ಮಕ್ಕಳ ಕ್ರೀಡೆಗೆ ಆ ದೇಶದ ಕ್ರೀಡಾ ಒಕ್ಕೂಟ 1987ರಿಂದಲೂ ಲಿಖಿತ ನಿಯಮಗಳನ್ನು ಇಟ್ಟುಕೊಂಡಿದೆ. ಹನ್ನೊಂದನೆಯ ವರ್ಷಕ್ಕೆ ಕಾಲಿಡುವವರೆಗೆ ಮಕ್ಕಳ ಪಂದ್ಯಗಳಿಗೆ ಅಂಕಪಟ್ಟಿ, ಶ್ರೇಯಾಂಕ ಯಾವುದೂ ಇರಕೂಡದು. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ಪೂ ಇಲ್ಲ. ಊರಿನ ಕ್ಲಬ್ಬುಗಳು ನಡೆಯುವುದು ಬಹುಪಾಲು ತಂದೆತಾಯಂದಿರ ಶ್ರಮದಾನದಿಂದ: ತರಬೇತಿ ಕೊಡುವವರು ಅವರೇ, ಪಂದ್ಯದ ದಿನ ಕಾಫಿ, ದೋಸೆಯಂಥ ವಾಫಲ್ ಮಾರಿ ಕ್ಲಬ್ಬಿಗೆ ನಾಲ್ಕು ಕಾಸು ಕೂಡಿಸುವವರೂ ಅವರೇ. ಹತ್ತು ವರ್ಷದ ಹುಡುಗನ ಮೇಲೆ ಗೆಲ್ಲಲೇಬೇಕೆಂಬ ಹೊರೆ ಇಲ್ಲದಿದ್ದರೆ ಅವನು ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಮೂವರನ್ನು ದಾಟಿ ಹೋಗುವ ಹುಚ್ಚು ಸಾಹಸಕ್ಕೆ ಇಳಿಯುತ್ತಾನೆ, ನಾಲ್ಕನೆಯವನು ಚೆಂಡು ಕಿತ್ತುಕೊಂಡರೂ ಯಾರೂ ಗದರುವುದಿಲ್ಲ. ನಾರ್ವೆಗೆ ಈಚೆಗೆ ಇಷ್ಟೊಂದು ಡ್ರಿಬ್ಲಿಂಗ್ ಬಲ್ಲ ಹುಡುಗರು ಸಿಕ್ಕಿದ್ದಕ್ಕೆ ಈ ನಿಯಮವೇ ಕಾರಣ ಎಂದು ಸಾಧಿಸಿ ತೋರಿಸುವುದು ಕಷ್ಟ. ಆದರೆ ಅಡ್ಡಿಯಂತೂ ಆಗಿಲ್ಲ. ಚಳಿಗಾಲದಲ್ಲಿ ಹುಲ್ಲು ಬದುಕದ ದೇಶವದು. ಊರೂರಿಗೆ ಕೃತಕ ಹುಲ್ಲಿನ ಮೈದಾನಗಳಿವೆ. ಚೆಂಡು ಅಡೆತಡೆಯಿಲ್ಲದೆ ಉರುಳುವ ಆ ನೆಲ ಕಾಲ್ಚಳಕದ ಆಟಗಾರರಿಗೆ ಹಿತವಾದದ್ದು.

ಇದೇ ನಾರ್ವೆ ಮೂವತ್ತು ವರ್ಷದ ಹಿಂದೆ ತದ್ವಿರುದ್ಧ ಬಗೆಯ ಫುಟ್‌ಬಾಲಿಗೆ ಹೆಸರಾಗಿತ್ತು. 1990ರಿಂದ 1998ರವರೆಗೆ ತಂಡವನ್ನು ನಡೆಸಿದವರು ಎಗಿಲ್ ಓಲ್ಸೆನ್. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಡ್ರಿಲ್ಲೊ ಎಂದು. ಮೈದಾನದ ಅಂಚಿನಲ್ಲಿ ರಬ್ಬರ್ ಗಂಬೂಟು ತೊಟ್ಟು ನಿಲ್ಲುತ್ತಿದ್ದ, ಅಂಕಿಅಂಶಗಳ ಹುಚ್ಚಿನ ಮನುಷ್ಯ. ಅವರ ತಂಡದ ಒಂದು ಹೆಸರಾಂತ ತಂತ್ರ ಹೀಗಿತ್ತು: ಎಡ ಫುಲ್‌ಬ್ಯಾಕ್ (ಅಂಚನ್ನು ಕಾಯುವ ಡಿಫೆಂಡರ್) ಸ್ಟಿಗ್ ಇಂಗೆ ಬ್ಯೋರ್ನೆಬಿ ಚೆಂಡನ್ನು ಮೈದಾನದುದ್ದಕ್ಕೂ ಓರೆಯಾಗಿ ಎತ್ತರಕ್ಕೆ ಒದೆಯಬೇಕು; ಬಲಬದಿಯಲ್ಲಿ ಕಾದಿರುವ ತಾಳೆಮರದಂಥ ಯೋಸ್ಟೈನ್ ಫ್ಲೋ ಅದನ್ನು ತಲೆಯಿಂದ ಒಳಕ್ಕೆ ಇಳಿಸಬೇಕು. ಅಂದರೆ ವಿಂಗರ್ ಜಾಗದಲ್ಲಿ ಇದ್ದವನು ಓಡುವವನಾಗಲಿ, ಡ್ರಿಬಲ್ ಮಾಡುವವನಾಗಲಿ ಆಗಿರಲಿಲ್ಲ. ಎದುರಿನ ಕುಳ್ಳ ಫುಲ್‌ಬ್ಯಾಕ್‌ಗಿಂತ ಒಂದಡಿ ಮೇಲೆ ತಲೆ ಇಟ್ಟುಕೊಂಡಿದ್ದವನು. ನೋಡಲು ಚೆಂದವಿಲ್ಲದಿದ್ದರೂ ಫಲ ಕೊಟ್ಟಿತು. ನಾರ್ವೆ ವಿಶ್ವ ಶ್ರೇಯಾಂಕದಲ್ಲಿ ಎರಡನೆಯ ಸ್ಥಾನಕ್ಕೇರಿತು. 1998ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡವನ್ನು 2-1ರಿಂದ ಮಣಿಸಿ, ಮುಂದಿನ ಸುತ್ತಿನಲ್ಲಿ ಇಟಲಿಗೆ 0-1ರಿಂದ ಸೋತಿತು. 2000ದ ಯೂರೊ ಕಪ್ ಆದಮೇಲೆ ಕಾಲು ಶತಮಾನ ಯಾವ ದೊಡ್ಡ ಪಂದ್ಯಾವಳಿಯಲ್ಲೂ ನಾರ್ವೆಯ ಪುರುಷರ ತಂಡ ಕಾಣಿಸಿಕೊಳ್ಳಲಿಲ್ಲ.

ಈಗ ಕಾನೂನಿಗೆ ಬರೋಣ. ಫಿಫಾ ವರ್ಗಾವಣೆ ನಿಯಮಾವಳಿಯ 19ನೆಯ ವಿಧಿ ಹೇಳುವುದು ಸರಳ: ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಎಳೆಯ ಹುಡುಗರನ್ನು ಬಡ ದೇಶಗಳಿಂದ ಹೊತ್ತು ತಂದು, ಆಡಲಾರದವರನ್ನು ಬೀದಿಗೆ ಬಿಡುವ ದಂಧೆಗೆ ತಡೆ ಹಾಕಲು ಬಂದ ನಿಯಮವಿದು. ಅದಕ್ಕೆ ಕೆಲವು ವಿನಾಯಿತಿಗಳಿವೆ. ಮುಖ್ಯವಾದದ್ದು, ಐರೋಪ್ಯ ಒಕ್ಕೂಟ ಅಥವಾ ಐರೋಪ್ಯ ಆರ್ಥಿಕ ವಲಯದ ಒಳಗೆ ಹದಿನಾರು ದಾಟಿದವನು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದು. ಕರೆಸಿಕೊಳ್ಳುವ ಕ್ಲಬ್ಬು ಅವನಿಗೆ ಒಳ್ಳೆಯ ತರಬೇತಿಯ ಜೊತೆಗೆ ಶಾಲೆ ಅಥವಾ ಕಸುಬಿನ ಕಲಿಕೆಯ ಏರ್ಪಾಡು ಮಾಡಬೇಕು, ಇರಲು ತಕ್ಕ ಮನೆ ನೋಡಬೇಕು, ನೋಡಿಕೊಳ್ಳಲು ಒಬ್ಬ ಹಿರಿಯರನ್ನು ನೇಮಿಸಬೇಕು.

ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ. ಜನಮತ ಸಂಗ್ರಹದಲ್ಲಿ ಎರಡು ಬಾರಿ ಬೇಡವೆಂದ ದೇಶ. ಆದರೆ ಆರ್ಥಿಕ ವಲಯದ ಒಳಗಿದೆ, ಹಾಗಾಗಿ ಅದರ ಹುಡುಗರಿಗೆ ಈ ಕಿಟಕಿ ತೆರೆದೇ ಇದೆ. 2020ರ ಕೊನೆಯವರೆಗೆ ಬ್ರಿಟನ್ನೂ ಆ ಕಿಟಕಿಯ ಆಚೆ ಬದಿಯಲ್ಲಿತ್ತು, ಬಾಬ್ ಅದರ ಮೂಲಕವೇ ಮ್ಯಾಂಚೆಸ್ಟರ್‌ಗೆ ದಾಟಿದ್ದು. 2021ರ ಜನವರಿ 1ರಿಂದ ಅದು ಮುಚ್ಚಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನೂಸಾಗೆ ಹದಿನಾರು ತುಂಬಿತು. ಬೋಡೊ ಊರಿನ ಮತ್ತೊಬ್ಬ ವಿಂಗರ್ ಆಂಡ್ರಿಯಾಸ್ ಷೆಲ್ಡರುಪ್ 2020ರಲ್ಲಿ ಡೆನ್ಮಾರ್ಕಿನ ನೋರ್‌ಶೆಲಾಂಡ್ ಕ್ಲಬ್ಬಿಗೆ ಹೋದರು. ಅಲ್ಲಿ ಆಡಿ ಬಲಿತು 2023ರ ಜನವರಿಯಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಸೇರಿದರು. ಹೀಗೆ ಡೆನ್ಮಾರ್ಕ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಆಸ್ಟ್ರಿಯಾಗಳ ಮಧ್ಯಮ ಗಾತ್ರದ ಕ್ಲಬ್ಬುಗಳು ಉತ್ತರದ ಹುಡುಗರಿಗೆ ಮೊದಲ ನಿಲ್ದಾಣಗಳಾದವು. ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳಿಗೆ ಅಂಥ ಹುಡುಗ ಬೇಕೆಂದರೆ ಎರಡು ವರ್ಷ ಕಾದು, ಹತ್ತು ಪಟ್ಟು ದುಡ್ಡು ತೆತ್ತು ಈ ಮಧ್ಯವರ್ತಿ ಕ್ಲಬ್ಬುಗಳಿಂದಲೇ ಕೊಳ್ಳಬೇಕು. ಬ್ರೆಕ್ಸಿಟ್‌ಗೆ ಮತ ಹಾಕಿದವರಲ್ಲಿ ಇದನ್ನು ಊಹಿಸಿದವರು ಎಷ್ಟು ಮಂದಿ ಇದ್ದರೋ!

ಬಾಗಿಲು ಮುಚ್ಚಿದ್ದು ನೂಸಾಗೆ ನಷ್ಟವಾಯಿತೆ? ನನಗೆ ಹಾಗನ್ನಿಸುವುದಿಲ್ಲ. ನಾರ್ವೆಯಲ್ಲಿ ಇದಕ್ಕೊಂದು ಹಳೆಯ ಪಾಠವಿದೆ. ಮಾರ್ಟಿನ್ ಓಡೆಗಾರ್ಡ್ ಹದಿನೈದಕ್ಕೇ ರಾಷ್ಟ್ರೀಯ ತಂಡಕ್ಕೆ ಆಡಿ, 2015ರ ಜನವರಿಯಲ್ಲಿ, ಇನ್ನೂ ಹದಿನಾರರ ಪ್ರಾಯದಲ್ಲಿ, ರಿಯಲ್ ಮ್ಯಾಡ್ರಿಡ್ ಸೇರಿದರು. ಅಲ್ಲಿ ಮೊದಲ ತಂಡದಲ್ಲಿ ಜಾಗ ಸಿಗದೆ ಹೆರೆನ್‌ವೇನ್, ವಿಟೆಸ್ಸೆ, ರಿಯಲ್ ಸೋಸಿಯೆದಾದ್ ಎಂದು ವರ್ಷಗಟ್ಟಲೆ ಎರವಲು ತಿರುಗಿದ ಮೇಲೆ 2021ರಲ್ಲಿ ಆರ್ಸೆನಲ್‌ನಲ್ಲಿ ನೆಲೆ ಕಂಡರು. ಎರ್ಲಿಂಗ್ ಹಾಲಂಡ್ ಹಿಡಿದದ್ದು ಮೆಟ್ಟಿಲಿನ ದಾರಿ: ಬ್ರಿನೆ, ಮೋಲ್ಡೆ, ಸಾಲ್ಜ್‌ಬರ್ಗ್, ಡಾರ್ಟ್‌ಮಂಡ್, ಆಮೇಲೆ ಮ್ಯಾಂಚೆಸ್ಟರ್ ಸಿಟಿ. ಮೆಟ್ಟಿಲು ಮೆಟ್ಟಿಲಲ್ಲೂ ಅವರಿಗೆ ಆಡುವ ಅವಕಾಶ ಸಿಕ್ಕಿತು. ಇಬ್ಬರೂ ಎತ್ತರ ತಲುಪಿದರೂ ಹುಡುಗರ ಮನೆಯವರು ಯಾವ ದಾರಿಯನ್ನು ಗುರುತಿಟ್ಟುಕೊಂಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹದಿಹರೆಯದವನಿಗೆ ಬೇಕಾದದ್ದು ದೊಡ್ಡ ಹೆಸರಿನ ಕ್ಲಬ್ಬಿನ ಜರ್ಸಿಗಿಂತ ಹೆಚ್ಚಾಗಿ ಮೈದಾನದಲ್ಲಿ ಕಳೆಯುವ ನಿಮಿಷಗಳು.

ಬ್ರೂಗ್ಗೆಯಲ್ಲಿ ಆ ನಿಮಿಷಗಳಿಗೆ ಒಂದು ವ್ಯವಸ್ಥೆ ಇದೆ. ಕ್ಲಬ್ ಎನ್‌ಎಕ್ಸ್‌ಟಿ ಎಂಬ ಹೆಸರಿನ ಅದರ ಎರಡನೆಯ ತಂಡ ಬೆಲ್ಜಿಯಂನ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತದೆ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್ಬಿನ ಹದಿನೇಳರ ಹುಡುಗ ತನ್ನಂಥದೇ ಹುಡುಗರ ವಿರುದ್ಧ ಖಾಲಿ ಮೈದಾನಗಳಲ್ಲಿ ಆಡುತ್ತಿರುತ್ತಾನೆ. ಎನ್‌ಎಕ್ಸ್‌ಟಿಯಲ್ಲಿ ಅವನೆದುರು ನಿಲ್ಲುವವರು ಮೂವತ್ತು ದಾಟಿದ, ಮನೆಸಾಲ ತೀರಿಸಬೇಕಾದ, ಮೊಣಕೈ ಬಳಸಲು ಹಿಂಜರಿಯದ ಗಟ್ಟಿ ಡಿಫೆಂಡರ್‌ಗಳು. ವಿಂಗರ್‌ಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅತ್ತ ಸ್ಟಾಬೆಕ್ ಪಾಡು ಬೇರೆಯಾಯಿತು. ನಾರ್ವೆಯ ಲೀಗ್ ವಸಂತದಲ್ಲಿ ಶುರುವಾಗಿ ಚಳಿಗಾಲದ ಹೊಸ್ತಿಲಲ್ಲಿ ಮುಗಿಯುವುದರಿಂದ ಆಗಸ್ಟ್‌ನಲ್ಲಿ ಆಟಗಾರನನ್ನು ಮಾರಿದರೆ ನಡು ಹಂಗಾಮಿನಲ್ಲಿ ತಂಡಕ್ಕೆ ತೂತು ಬೀಳುತ್ತದೆ. ಆ ವರ್ಷದ ಕೊನೆಗೆ ಸ್ಟಾಬೆಕ್ ಅಗ್ರ ಲೀಗಿನಿಂದ ಕೆಳದರ್ಜೆಗೆ ಜಾರಿತು. ಒಬ್ಬ ಹದಿನಾರರ ಹುಡುಗ ಇದ್ದಿದ್ದರೆ ಉಳಿಯುತ್ತಿತ್ತು ಎಂದಲ್ಲ. ಸಣ್ಣ ಕ್ಲಬ್ಬುಗಳ ಪಂಚಾಂಗವೇ ಹಾಗೆ.

2022ರ ಸೆಪ್ಟೆಂಬರ್ 13. ಯೂರೋಪಿನ ಅಗ್ರ ಕ್ಲಬ್ಬುಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗಿನಲ್ಲಿ ಬ್ರೂಗ್ಗೆ ಪೋರ್ಟೊ ತಂಡದ ಮನೆಯಂಗಳದಲ್ಲಿ ಆಡುತ್ತಿತ್ತು. ಮೂರು ಗೋಲು ಹೊಡೆದು ಪಂದ್ಯವನ್ನು ಆಗಲೇ ಕೈವಶ ಮಾಡಿಕೊಂಡಿತ್ತು. ಬದಲಿ ಆಟಗಾರರಾಗಿ ಇಳಿದ ನೂಸಾ 89ನೆಯ ನಿಮಿಷದಲ್ಲಿ ನಾಲ್ಕನೆಯದನ್ನು ಹೊಡೆದರು. ಆಗ ಅವರ ವಯಸ್ಸು 17 ವರ್ಷ 149 ದಿನ. ಚಾಂಪಿಯನ್ಸ್ ಲೀಗಿನ ಪದಾರ್ಪಣೆಯಲ್ಲೇ ಗೋಲು ಹೊಡೆದವರಲ್ಲಿ ಅತ್ಯಂತ ಕಿರಿಯರು ಅವರು. ಒಟ್ಟಾರೆ ಗೋಲು ಹೊಡೆದ ಕಿರಿಯರ ಪಟ್ಟಿಯಲ್ಲಿ ಆಗ ಅವರಿಗಿಂತ ಮುಂದೆ ಇದ್ದವರು ಬಾರ್ಸಿಲೋನಾದ ಆನ್ಸು ಫಾಟಿ ಒಬ್ಬರೇ. ಆ ಹಂಗಾಮಿನಲ್ಲಿ ಬ್ರೂಗ್ಗೆ ಮೊದಲ ಬಾರಿಗೆ ಕೊನೆಯ ಹದಿನಾರು ತಂಡಗಳ ಸುತ್ತು ತಲುಪಿ, ಬೆನ್ಫಿಕಾ ಕೈಯಲ್ಲಿ ಸೋತಿತು.

ಇಂಥ ರಾತ್ರಿಯ ನಂತರ ಹುಡುಗನೊಬ್ಬ ನೇರ ಆಕಾಶಕ್ಕೇರುತ್ತಾನೆ ಎಂದು ನಾವು ನಿರೀಕ್ಷಿಸುತ್ತೇವೆ. ನೂಸಾ ಹಲವು ತಿಂಗಳು ಬೆಂಚಿನ ಮೇಲೆ ಕೂತರು, ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿದರು. ಕಾರಣ ಅವರ ಕಾಲಿನಲ್ಲಿರಲಿಲ್ಲ, ಆ ಸ್ಥಾನದ ಕೆಲಸದಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನೂಸಾ ಬಲಗಾಲಿನ ಆಟಗಾರ, ಆಡುವುದು ಎಡಬದಿಯಲ್ಲಿ. ಹಿಂದಿನ ಕಾಲದಲ್ಲಿ ಎಡ ವಿಂಗರ್ ಎಂದರೆ ಎಡಗಾಲಿನವನು. ಗೆರೆಯ ಗುಂಟ ಓಡಿ, ಮೂಲೆಯ ಹತ್ತಿರದಿಂದ ಚೆಂಡನ್ನು ಗೋಲಿನ ಮುಂದಕ್ಕೆ ತೇಲಿಸುವುದು ಅವನ ಕೆಲಸ. ಬಲಗಾಲಿನವನನ್ನು ಎಡಕ್ಕೆ ನಿಲ್ಲಿಸಿದರೆ ಅವನಿಗೆ ಗೆರೆಯ ಕಡೆ ಓಡುವುದಕ್ಕಿಂತ ಒಳಕ್ಕೆ ತಿರುಗುವುದು ಸಲೀಸು. ತಿರುಗಿದ ಕೂಡಲೇ ಗೋಲು ಅವನ ಬಲಗಾಲಿಗೆ ನೇರ ಎದುರಾಗುತ್ತದೆ. ಎದುರಿನ ಬಲ ಫುಲ್‌ಬ್ಯಾಕ್‌ಗೆ ಇದು ತಲೆನೋವು. ಒಳದಾರಿ ಮುಚ್ಚಿದರೆ ವಿಂಗರ್ ಹೊರಗಿನಿಂದ ಜಾರುತ್ತಾನೆ. ಹೊರದಾರಿ ಮುಚ್ಚಿದರೆ ಒಳನುಗ್ಗಿ ಗುರಿಯಿಡುತ್ತಾನೆ. ಒಬ್ಬನಿಂದ ಎರಡೂ ಮುಚ್ಚಲಾಗದ ಕಾರಣ ಇನ್ನೊಬ್ಬ ಡಿಫೆಂಡರ್ ನೆರವಿಗೆ ಬರಬೇಕು, ಬಂದರೆ ಅವನು ಬಿಟ್ಟ ಜಾಗ ಖಾಲಿಯಾಗುತ್ತದೆ. ಹಾಲಂಡ್‌ನಂಥ ಸ್ಟ್ರೈಕರ್ ಕಾಯುವುದು ಆ ಖಾಲಿ ಜಾಗಕ್ಕೇ.

ಕಬಡ್ಡಿ ನೋಡಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ಒಳ್ಳೆಯ ರೈಡರ್ ಮೂಲೆಯಲ್ಲಿ ನಿಂತ ಹಿಡಿತಗಾರನ ಕೈಯನ್ನು ನೋಡುವುದಿಲ್ಲ, ಅವನ ಮೈಭಾರ ಯಾವ ಕಾಲಿನ ಮೇಲಿದೆ ಎಂದು ನೋಡುತ್ತಾನೆ. ಭಾರ ಮುಂದಿನ ಕಾಲಿಗೆ ಬಿದ್ದ ಗಳಿಗೆಯಲ್ಲಿ ತಾನು ಎದುರು ದಿಕ್ಕಿಗೆ ಸಿಡಿಯುತ್ತಾನೆ. ನೂಸಾ ಮಾಡುವುದೂ ಅದನ್ನೇ. ಚೆಂಡು ಸಿಕ್ಕಾಗ ಅವರು ಮೊದಲು ನಿಧಾನಿಸುತ್ತಾರೆ. ಬಹುತೇಕ ನಿಂತೇಬಿಟ್ಟರು ಎನ್ನಿಸುವಷ್ಟು. ಡಿಫೆಂಡರ್ ತಾನೂ ನಿಲ್ಲಬೇಕಾಗುತ್ತದೆ, ನಿಂತವನು ಒಂದು ಕಾಲಿಗೆ ಭಾರ ಬಿಡಲೇಬೇಕು. ಆಗ ಭುಜ ಒಮ್ಮೆ ಹೊರಳುತ್ತದೆ, ಚೆಂಡು ಬಲಪಾದದ ಹೊರ ಅಂಚಿನಿಂದ ಒಳ ಅಂಚಿಗೆ ದಾಟುತ್ತದೆ, ಮೊದಲ ಎರಡು ಹೆಜ್ಜೆಯಲ್ಲೇ ಅವರು ಮುಂದೆ ಹೋಗಿರುತ್ತಾರೆ. ಓಟದ ವೇಗಕ್ಕಿಂತ ನಿಂತಲ್ಲಿಂದ ಸಿಡಿಯುವ ವೇಗ ಇಲ್ಲಿ ಮುಖ್ಯ.

ತೊಡಕು ಇರುವುದು ಆಮೇಲೆ. ಡಿಫೆಂಡರನ್ನು ದಾಟಿದವನು ತಲೆಯೆತ್ತಿ, ಅರೆಕ್ಷಣದಲ್ಲಿ, ಗೋಲಿಗೆ ಹೊಡೆಯಲೊ, ಅಡ್ಡಕ್ಕೆ ಕೊಡಲೊ, ಹಿಂದಕ್ಕೆ ತಳ್ಳಲೊ ಎಂದು ನಿರ್ಧರಿಸಬೇಕು. ಎಳೆಯ ವಿಂಗರ್‌ಗಳು ಬಹುಮಟ್ಟಿಗೆ ಎಡವುವುದು ಇಲ್ಲಿ: ಇಬ್ಬರನ್ನು ದಾಟಿ ಪ್ರೇಕ್ಷಕರನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ಮೂರನೆಯವನ ಕಾಲಿಗೆ ಚೆಂಡು ಕೊಟ್ಟು ಕೂರಿಸುತ್ತಾರೆ. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೋಡಿ ತನ್ನ ಫುಲ್‌ಬ್ಯಾಕ್‌ಗೆ ಆಸರೆಯಾಗುವುದೂ ಅವರ ಕೆಲಸವೇ. ತರಬೇತುದಾರ ಹದಿನೆಂಟರ ವಿಂಗರ್‌ನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸುವುದು ಈ ಲೆಕ್ಕಾಚಾರದಿಂದ. ದಣಿದ ಡಿಫೆಂಡರ್‌ಗಳ ಎದುರು ಲಾಭ ಹೆಚ್ಚು, ಚೆಂಡು ಕಳೆದರೆ ನಷ್ಟ ಕಡಿಮೆ. 2023-24ರಲ್ಲಿ ನಾರ್ವೆಯವರೇ ಆದ ರೋನಿ ದೈಲಾ ಬ್ರೂಗ್ಗೆಯ ತರಬೇತುದಾರರಾದಾಗ ನೂಸಾಗೆ ಹೆಚ್ಚು ಆಟ ಸಿಗತೊಡಗಿತು. ದೈಲಾ ಅವರನ್ನು ಕ್ಲಬ್ಬು ನಡುವೆಯೇ ಕೈಬಿಟ್ಟಿತು. ನಿಕಿ ಹೈಯೆನ್ ಕೈಕೆಳಗೆ ಬ್ರೂಗ್ಗೆ ಬೆಲ್ಜಿಯಂ ಲೀಗ್ ಗೆದ್ದಿತು.

ಅಷ್ಟರಲ್ಲಿ ನೂಸಾಗೆ ಹದಿನೆಂಟು ದಾಟಿತ್ತು, ಇಂಗ್ಲೆಂಡಿನ ಬಾಗಿಲು ಬೇರೆ ಬಗೆಯಲ್ಲಿ ತೆರೆದಿತ್ತು. ವಯಸ್ಕ ವಿದೇಶಿ ಆಟಗಾರನಿಗೆ ಅಲ್ಲಿ ಅಂಕಗಳ ಪದ್ಧತಿ ಇದೆ: ರಾಷ್ಟ್ರೀಯ ತಂಡಕ್ಕೆ ಎಷ್ಟು ಆಡಿದ್ದಾನೆ, ಯಾವ ಲೀಗಿನಲ್ಲಿದ್ದಾನೆ, ಎಷ್ಟು ನಿಮಿಷ ಮೈದಾನದಲ್ಲಿದ್ದ, ಯೂರೋಪಿನ ಪಂದ್ಯಾವಳಿಗಳಲ್ಲಿ ಕಾಣಿಸಿಕೊಂಡಿದ್ದಾನೆಯೇ ಎಂಬುದಕ್ಕೆಲ್ಲ ಅಂಕ ಕೊಟ್ಟು, 15 ಮುಟ್ಟಿದರೆ ಪರವಾನಗಿ. ಬೆಲ್ಜಿಯಂನಲ್ಲಿ ಕಳೆದ ದಿನಗಳು ಆ ಅಂಕಗಳನ್ನು ಕೂಡಿಸಿಕೊಟ್ಟಿದ್ದವು. 2024ರ ಜನವರಿಯಲ್ಲಿ ಲಂಡನ್ನಿನ ಬ್ರೆಂಟ್‌ಫರ್ಡ್ ಜೊತೆ ಮಾತುಕತೆ ಬಹುತೇಕ ಮುಗಿದು, ವೈದ್ಯಕೀಯ ಪರೀಕ್ಷೆಯ ಹಂತದಲ್ಲಿ ಒಪ್ಪಂದ ಮುರಿದುಬಿತ್ತು. ಕೋಟಿಗಟ್ಟಲೆ ಯೂರೊ ವ್ಯವಹಾರದಲ್ಲಿ ಇದು ಅಪರೂಪವೇನಲ್ಲ. ಕೊಳ್ಳುವ ಕ್ಲಬ್ಬಿನ ವೈದ್ಯರು ನೋಡುವುದು ಇವತ್ತು ಆಡಬಲ್ಲನೇ ಎಂಬುದನ್ನಷ್ಟೇ ಅಲ್ಲ, ಐದು ವರ್ಷದ ಮೇಲೂ ಆಡಿಯಾನೇ, ಮರಳಿ ಮಾರಿದರೆ ಬೆಲೆ ಬಂದೀತೇ ಎಂಬುದನ್ನು. ನೂಸಾ ಬ್ರೂಗ್ಗೆಗೆ ಮರಳಿ ಆಡಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಜರ್ಮನಿಯ ಆರ್‌ಬಿ ಲೈಪ್‌ಜಿಗ್ ಅವರನ್ನು ಕೊಂಡಿತು. ವರದಿಯಾದ ಮೊತ್ತ ಸುಮಾರು 2.1 ಕೋಟಿ ಯೂರೊ, ಒಪ್ಪಂದ 2029ರವರೆಗೆ. ಲೈಪ್‌ಜಿಗ್‌ನ ವ್ಯಾಪಾರ ಗುಟ್ಟಿನದ್ದೇನಲ್ಲ: ರೆಡ್ ಬುಲ್ ಪಾನೀಯದ ಹಣದ ಬಲದಿಂದ ಹತ್ತೊಂಬತ್ತು, ಇಪ್ಪತ್ತರ ಹುಡುಗರನ್ನು ಕೊಂಡು, ಆಡಿಸಿ, ಬೆಲೆಯೇರಿದಾಗ ಮಾರುವುದು. 2025ರ ಬೇಸಿಗೆಯಲ್ಲಿ ಹೀಗೆಯೇ ಬೆಂಜಮಿನ್ ಶೆಸ್ಕೊ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಷಾವಿ ಸಿಮೊನ್ಸ್ ಟಾಟನ್‌ಹ್ಯಾಮ್‌ಗೂ ಹೋದರು. ನೂಸಾ ಅವರ ಮೊದಲ ಹಂಗಾಮು ಅಲ್ಲಿ ಸುಖವಾಗಿರಲಿಲ್ಲ. ತರಬೇತುದಾರ ಮಾರ್ಕೊ ರೋಸೆ ನಡುವೆಯೇ ಕೆಲಸ ಕಳೆದುಕೊಂಡರು, ತಂಡ ಏಳನೆಯ ಸ್ಥಾನಕ್ಕೆ ಕುಸಿದು ಯೂರೋಪಿನ ಯಾವ ಪಂದ್ಯಾವಳಿಗೂ ಅರ್ಹತೆ ಪಡೆಯಲಿಲ್ಲ. ನೂಸಾ ಡ್ರಿಬಲ್‌ಗಳಿಂದ ಕಣ್ಸೆಳೆದರೂ ಲೀಗಿನಲ್ಲಿ ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು. ಓಲೆ ವೆರ್ನರ್ ಹೊಸ ತರಬೇತುದಾರರಾಗಿ ಬಂದಾಗ ಅವರೊಂದಿಗೆ ಯಾನ್ ದಿಯೊಮಾಂಡೆಯಂಥ ಇನ್ನೂ ಎಳೆಯ ವಿಂಗರ್‌ಗಳೂ ಬಂದರು. ಇಪ್ಪತ್ತರ ಹುಡುಗನಿಗೆ ಹದಿನೆಂಟರವನು ಎದುರಾಳಿಯಾಗುವ ಕ್ಲಬ್ಬದು.

ಕ್ಲಬ್ಬಿನಲ್ಲಿ ಹೀಗಿದ್ದರೆ ರಾಷ್ಟ್ರೀಯ ತಂಡದಲ್ಲಿ ಅವರು ಬೇರೆಯೇ ಮನುಷ್ಯ. ತಂದೆಯ ಕಡೆಯಿಂದ ನೈಜೀರಿಯಾ ಪರ ಆಡುವ ಅವಕಾಶವಿದ್ದರೂ ನಾರ್ವೆಯನ್ನು ಆರಿಸಿಕೊಂಡು, 2023ರ ಸೆಪ್ಟೆಂಬರ್ 7ರಂದು ಜೋರ್ಡನ್ ವಿರುದ್ಧ ಮೊದಲ ಬಾರಿ ಆಡಿ ಗೋಲು ಹೊಡೆದರು. ತರಬೇತುದಾರ ಸ್ಟೋಲೆ ಸೋಲ್‌ಬಾಕೆನ್ ಕಟ್ಟಿದ ತಂಡದಲ್ಲಿ ಅವರ ಪಾತ್ರ ಸ್ಪಷ್ಟ. ನಡುವೆ ಹಾಲಂಡ್. ಬಲಕ್ಕೆ ಅಲೆಕ್ಸಾಂಡರ್ ಸೋರ್ಲೋತ್, ಆರೂಕಾಲು ಅಡಿ ದಾಟಿದ ಇನ್ನೊಬ್ಬ ಸ್ಟ್ರೈಕರ್. ಬಲಬದಿಯಿಂದ ಒಳಬಂದು ಎತ್ತರದ ಚೆಂಡುಗಳಿಗೆ ಹಾರುತ್ತಾರೆ. ಡ್ರಿಲ್ಲೊ ಕಾಲದ ಯೋಸ್ಟೈನ್ ಫ್ಲೋ ನೆನಪಾಗದೆ ಇರದು. (ಸೋರ್ಲೋತ್ ಅವರ ತಂದೆ 1994ರ ವಿಶ್ವಕಪ್‌ನಲ್ಲಿ ಡ್ರಿಲ್ಲೊ ತಂಡಕ್ಕೇ ಆಡಿದವರು.) ಬಲಕ್ಕೆ ಹಳೆಯ ನಾರ್ವೆ, ಎಡಕ್ಕೆ ಹೊಸ ನಾರ್ವೆ, ಇವೆರಡನ್ನೂ ಒಂದೇ ಹನ್ನೊಂದರಲ್ಲಿ ಹೊಂದಿಸಿದ್ದೇ ಸೋಲ್‌ಬಾಕೆನ್ ಅವರ ಜಾಣತನ. ಎದುರಾಳಿಯ ಸೆಂಟರ್‌ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು) ಇಬ್ಬರು ದೈತ್ಯರನ್ನು ಕಾಯುತ್ತಾ ಕಟ್ಟಿಬಿದ್ದಿರುವಾಗ ಎಡಬದಿಯಲ್ಲಿ ನೂಸಾ ಎದುರು ಫುಲ್‌ಬ್ಯಾಕ್ ಒಂಟಿಯಾಗಿ ಉಳಿಯುತ್ತಾನೆ.

2025ರ ಜೂನ್ 6ರಂದು ಓಸ್ಲೊದಲ್ಲಿ ಇಟಲಿ ಇದನ್ನು ಅನುಭವಿಸಿತು. ವಿಶ್ವಕಪ್ ಅರ್ಹತಾ ಪಂದ್ಯ. ಸೋರ್ಲೋತ್ ಒಂದು ಗೋಲು ಹೊಡೆದಾಗಿತ್ತು. 34ನೆಯ ನಿಮಿಷದಲ್ಲಿ ಎಡಬದಿಯಲ್ಲಿ ಚೆಂಡು ಪಡೆದ ನೂಸಾ ಇಬ್ಬರು ಇಟಾಲಿಯನ್ನರ ನಡುವಿನ ಸಂದಿಯಲ್ಲಿ ತೂರಿ ಒಳನುಗ್ಗಿ, ಜಾನ್‌ಲುಯಿಜಿ ಡೊನ್ನಾರುಮ್ಮಾಗೆ ಕೈ ತಾಗಿಸಲೂ ಆಗದಂತೆ ಮೇಲ್ಮೂಲೆಗೆ ಬಾರಿಸಿದರು. ಒಳಕ್ಕೋ ಹೊರಕ್ಕೋ ಎಂಬ ಪ್ರಶ್ನೆಗೆ ಇಬ್ಬರು ಡಿಫೆಂಡರ್‌ಗಳು ಎರಡು ಬೇರೆ ಉತ್ತರ ಕೊಟ್ಟಿದ್ದರು. ಇಬ್ಬರ ಉತ್ತರದ ನಡುವೆ ಬಾಗಿಲಷ್ಟು ಜಾಗ ಉಳಿದಿತ್ತು. ಪಂದ್ಯ 3-0ರಲ್ಲಿ ಮುಗಿಯಿತು, ಇಟಲಿಯ ತರಬೇತುದಾರ ಲುಚಾನೊ ಸ್ಪಲೆಟ್ಟಿ ಹುದ್ದೆ ಕಳೆದುಕೊಂಡರು.

ಮರುಪಂದ್ಯ ನವೆಂಬರ್ 16ರಂದು ಮಿಲಾನ್‌ನ ಸ್ಯಾನ್ ಸಿರೊದಲ್ಲಿ. ನಮ್ಮಲ್ಲಿ ಆಗ ರಾತ್ರಿ ಒಂದೂಕಾಲು. ನಾರ್ವೆಯ ಗೋಲುಗಳ ಅಂತರ ಎಷ್ಟಿತ್ತೆಂದರೆ ಇಟಲಿ ಒಂಬತ್ತು ಗೋಲುಗಳಿಂದ ಗೆದ್ದರೆ ಮಾತ್ರ ಅದನ್ನು ಹಿಂದಿಕ್ಕಬಹುದಿತ್ತು. ಆದರೂ ಇಟಲಿ ಮೊದಲು ಗೋಲು ಹೊಡೆದು ಮಧ್ಯಂತರದವರೆಗೆ ಮುಂದಿತ್ತು. 63ನೆಯ ನಿಮಿಷದಲ್ಲಿ ಸೋರ್ಲೋತ್ ಕೊಟ್ಟ ಚೆಂಡನ್ನು ಪೆನಾಲ್ಟಿ ಆವರಣದ ಎಡಬದಿಯಲ್ಲಿ ಪಡೆದ ನೂಸಾ ಹತ್ತಿರದ ಕಂಬದ ಬದಿಯಿಂದಲೇ ಗುಂಡಿನಂತೆ ಬಾರಿಸಿದರು. ಗೋಲ್‌ಕೀಪರ್‌ಗಳು ಸಾಮಾನ್ಯವಾಗಿ ತಮ್ಮದೆಂದು ಭಾವಿಸುವ ಜಾಗವದು, ಅಲ್ಲಿ ಗೋಲು ಬಿಟ್ಟರೆ ಅವಮಾನ. ನೂಸಾ ದೂರದ ಮೂಲೆಗೆ ಬಾಗಿಸಿ ಹೊಡೆಯುತ್ತಾರೆಂದು ಎಲ್ಲರೂ ಕಾದಿದ್ದರು. ಆಮೇಲೆ ಹಾಲಂಡ್ ಎರಡು ನಿಮಿಷದಲ್ಲಿ ಎರಡು, ಯೋರ್ಗನ್ ಸ್ಟ್ರಾಂಡ್ ಲಾರ್ಸೆನ್ ಒಂದು. 4-1. ಎಂಟಕ್ಕೆ ಎಂಟೂ ಪಂದ್ಯ ಗೆದ್ದು, 37 ಗೋಲು ಹೊಡೆದು, ನಾರ್ವೆ 1998ರ ನಂತರ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. 2026ರ ಪಂದ್ಯಾವಳಿಗೆ ಚೀಟಿ ಎತ್ತಿದಾಗ ಫ್ರಾನ್ಸ್, ಸೆನೆಗಲ್ ಇರುವ ಗುಂಪಿಗೆ ಬಿದ್ದಿತು.

ಕೊನೆಯದಾಗಿ ಹಣ. ಆಟಗಾರನ ಸಂಬಳದ ಮಾತು ಎಲ್ಲರೂ ಆಡುತ್ತಾರೆ. ಅವನನ್ನು ಬೆಳೆಸಿದ ಸಣ್ಣ ಕ್ಲಬ್ಬಿಗೆ ಏನು ಸಿಗುತ್ತದೆ ಎಂಬುದು ಹೆಚ್ಚು ಕುತೂಹಲದ್ದು. ಫಿಫಾ ನಿಯಮದಂತೆ ಒಪ್ಪಂದದ ಅವಧಿ ಇರುವಾಗಲೇ ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದರೆ, ಆ ಮೊತ್ತದ ಶೇಕಡಾ 5ರವರೆಗಿನ ಭಾಗ ಅವನನ್ನು ಹನ್ನೆರಡರಿಂದ ಇಪ್ಪತ್ತಮೂರನೆಯ ವರ್ಷದವರೆಗೆ ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಇದಕ್ಕೆ ಏಕತಾ ಪಾಲು ಎನ್ನಬಹುದು. ಹನ್ನೆರಡರಿಂದ ಹದಿನೈದರವರೆಗಿನ ಒಂದೊಂದು ವರ್ಷಕ್ಕೂ ಶೇಕಡಾ 0.25, ಹದಿನಾರರ ನಂತರದ ಒಂದೊಂದು ವರ್ಷಕ್ಕೂ ಶೇಕಡಾ 0.5. ಇನ್ನೂ ಬಾರದ ವರ್ಷಗಳ ಪಾಲು ಯಾರಿಗೂ ಹೋಗುವುದಿಲ್ಲ.

2.1 ಕೋಟಿ ಯೂರೊಗೆ ಈ ಲೆಕ್ಕ ಹಾಕಿ ನೋಡಿ. ನೂಸಾ ಅವರ ಹನ್ನೆರಡನೆಯ ವರ್ಷದಲ್ಲಿ ಅವರ ಹೆಸರು ಯಾವ ಕ್ಲಬ್ಬಿನ ಪುಸ್ತಕದಲ್ಲಿತ್ತೋ ಅದಕ್ಕೆ ಆ ಒಂದು ವರ್ಷದ ಬಾಬ್ತು 52,500 ಯೂರೊ, ಅಂದರೆ ಅರ್ಧ ಕೋಟಿ ರೂಪಾಯಿಯ ಆಸುಪಾಸು. ಹನ್ನೆರಡರಿಂದ ಹದಿನೈದರವರೆಗಿನ ನಾಲ್ಕು ವರ್ಷಕ್ಕೆ ಒಟ್ಟು 2,10,000 ಯೂರೊ. ಕಾಫಿ, ವಾಫಲ್ ಮಾರಿ ಖರ್ಚು ತೂಗಿಸುವ ಕ್ಲಬ್ಬಿಗೆ ಇದು ಹೊಸ ಕೃತಕ ಹುಲ್ಲಿನ ಹಾಸಿಗೆ ದಾರಿ ಮಾಡುವಂಥ ದುಡ್ಡು. ಮೊದಲೆಲ್ಲ ಸಣ್ಣ ಕ್ಲಬ್ಬುಗಳು ತಾವೇ ಬೆನ್ನು ಹತ್ತಿ, ಪತ್ರ ಬರೆದು, ವಕೀಲರನ್ನು ಹಿಡಿದು ಇದನ್ನು ವಸೂಲಿ ಮಾಡಬೇಕಿತ್ತು. ಎಷ್ಟೋ ಕ್ಲಬ್ಬುಗಳಿಗೆ ತಮಗೆ ಬರಬೇಕಾದದ್ದಿದೆ ಎಂಬುದೇ ತಿಳಿಯುತ್ತಿರಲಿಲ್ಲ. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿ ಫಿಫಾ ಒಂದು ತೀರುವೆ ಕೇಂದ್ರವನ್ನು ತೆರೆದಿದೆ. ಆಟಗಾರ ಯಾವ ವಯಸ್ಸಿನಲ್ಲಿ ಎಲ್ಲಿ ನೋಂದಣಿಯಾಗಿದ್ದ ಎಂಬ ಎಲೆಕ್ಟ್ರಾನಿಕ್ ದಾಖಲೆಯನ್ನು ನೋಡಿ ಪಾಲು ಹಂಚುವ ಕೆಲಸ ಈಗ ಅದರದ್ದು.

ಈ ಪಾಲು ಒಂದೇ ಬಾರಿಗೆ ಮುಗಿಯುವುದೂ ಇಲ್ಲ. ಲೈಪ್‌ಜಿಗ್ 2029ರ ಮೊದಲು ನೂಸಾ ಅವರನ್ನು ಬೇರೊಂದು ದೇಶಕ್ಕೆ ಮಾರಿದರೆ ಆ ಹೊಸ ಮೊತ್ತದ ಮೇಲೂ ನಾರ್ವೆಯ ಕ್ಲಬ್ಬುಗಳಿಗೆ ಹಕ್ಕಿದೆ, ಮೊತ್ತ ದುಪ್ಪಟ್ಟಾದರೆ ಪಾಲೂ ದುಪ್ಪಟ್ಟು. ಒಪ್ಪಂದ ಮುಗಿಸಿಕೊಂಡು ಅವರು ತಾವೇ ಹೊರನಡೆದರೆ ಮಾತ್ರ ಬಿಡಿಗಾಸೂ ಇಲ್ಲ. ಒಪ್ಪಂದದ ಕೊನೆಯ ದಿನದವರೆಗೆ ಒಳ್ಳೆಯ ಆಟಗಾರನನ್ನು ಇಟ್ಟುಕೊಂಡು ಕೂರುವ ಅಭ್ಯಾಸ ಲೈಪ್‌ಜಿಗ್‌ಗೆ ಇಲ್ಲದಿರುವುದು ಓಸ್ಲೊ ಸೀಮೆಯ ಕ್ಲಬ್ ಖಜಾಂಚಿಗಳಿಗೆ ನೆಮ್ಮದಿಯ ವಿಚಾರವೇ ಇರಬೇಕು.